ಸೋಲುವ ಖಳನ ಮನಸ್ಸು

ಪೋಕೆಮಾನ್ ನೋಡಿ ಬೆಳೆದ ಮಕ್ಕಳಿಗೆ ಟೀಮ್ ರಾಕೆಟ್ ಎಂದರೆ ಯಾರೆಂದು ಹೇಳಬೇಕಾಗಿಲ್ಲ. ಹೇಳಬೇಕಾದದ್ದು ತಂದೆ ತಾಯಂದಿರಿಗೆ. ಜಪಾನಿನಲ್ಲಿ 1997ರಲ್ಲಿ ಆರಂಭವಾದ ಈ ಕಾರ್ಟೂನ್ ಧಾರಾವಾಹಿಯಲ್ಲಿ ಆ್ಯಶ್ ಎಂಬ ಹುಡುಗನಿದ್ದಾನೆ, ಅವನ ಜೊತೆಗೆ ಪಿಕಾಚು ಎಂಬ ಹಳದಿ ಬಣ್ಣದ ಪ್ರಾಣಿಯಿದೆ. ಆ ಪಿಕಾಚುವನ್ನು ಕದಿಯಲು ಬೆನ್ನು ಹತ್ತಿದವರು ಮೂವರು: ಜೆಸ್ಸಿ, ಜೇಮ್ಸ್ ಮತ್ತು ಮಿಯಾವ್ತ್ ಎಂಬ ಬೆಕ್ಕು. ಇವರು ಗುಂಡಿ ತೋಡುತ್ತಾರೆ, ಅದರಲ್ಲಿ ತಾವೇ ಬೀಳುತ್ತಾರೆ. ವೇಷ ಹಾಕುತ್ತಾರೆ, ಅದು ಕಳಚಿ ಬೀಳುತ್ತದೆ. ಕೊನೆಗೆ ಪಿಕಾಚುವಿನ ವಿದ್ಯುತ್ತಿನ ಹೊಡೆತಕ್ಕೆ ಆಕಾಶಕ್ಕೆ ಚಿಮ್ಮಿ, ದೂರದಲ್ಲಿ ಒಂದು ಚುಕ್ಕಿಯಾಗಿ ಮಿನುಗಿ ಮಾಯವಾಗುತ್ತಾರೆ. ಮುಂದಿನ ಕಂತಿನಲ್ಲಿ ಮತ್ತೆ ಹಾಜರು. ನೂರಾರು ಕಂತುಗಳಲ್ಲಿ ನಡೆದದ್ದು ಇದೇ.

ಈ ಲೋಕದ ಪ್ರಾಣಿಗಳು ಸಾಮಾನ್ಯವಾಗಿ ತಮ್ಮ ಹೆಸರನ್ನಷ್ಟೇ ಕೂಗುತ್ತವೆ. ಮಿಯಾವ್ತ್ ಮಾತ್ರ ಮನುಷ್ಯರ ಹಾಗೆ ಎರಡು ಕಾಲಿನ ಮೇಲೆ ನಡೆಯುತ್ತದೆ, ಪಟಪಟ ಮಾತನಾಡುತ್ತದೆ. ನಗು ಬರುವುದೂ ಅದಕ್ಕೇ. ಆದರೆ ಮೊದಲ ವರ್ಷಗಳ ಒಂದು ಕಂತಿನಲ್ಲಿ ಈ ಬೆಕ್ಕಿಗೆ ಮಾತು ಬಂದದ್ದು ಹೇಗೆಂದು ತೋರಿಸಿದ್ದಾರೆ. ಹಸಿದು ಬೀದಿ ಅಲೆಯುತ್ತಿದ್ದ ಮಿಯಾವ್ತ್‌ಗೆ ಶ್ರೀಮಂತರ ಮನೆಯ ಒಂದು ಹೆಣ್ಣು ಬೆಕ್ಕಿನ ಮೇಲೆ ಮನಸ್ಸಾಗುತ್ತದೆ. ತನ್ನ ಯಜಮಾನಿ ಕೊಡುವಂಥದ್ದನ್ನು ಈ ಬೀದಿ ಬೆಕ್ಕು ಕೊಡಲಾರದೆಂದು ಅದು ಮುಖ ತಿರುಗಿಸುತ್ತದೆ. ಹಾಗಾದರೆ ಮನುಷ್ಯನ ಹಾಗೆಯೇ ಆಗುತ್ತೇನೆಂದು ಮಿಯಾವ್ತ್ ಹೊರಡುತ್ತದೆ. ಬಿದ್ದು ಎದ್ದು ನಡೆಯುವುದನ್ನು ಕಲಿಯುತ್ತದೆ, ಒಂದೊಂದೇ ಶಬ್ದ ಉರು ಹೊಡೆದು ಮಾತು ಕಲಿಯುತ್ತದೆ. ಅಷ್ಟೆಲ್ಲ ಕಲಿತು ಅವಳೆದುರು ಹೋಗಿ ನಿಂತರೆ, ನೀನೊಂದು ವಿಚಿತ್ರ ಪ್ರಾಣಿ ಎಂದು ಅವಳು ದೂರ ಸರಿಯುತ್ತಾಳೆ. ಇತ್ತ ಬೆಕ್ಕೂ ಅಲ್ಲ, ಅತ್ತ ಮನುಷ್ಯನೂ ಅಲ್ಲ. ಅಂಥವನಿಗೆ ಕಳ್ಳರ ಗುಂಪಿನಲ್ಲಿ ಜಾಗ ಸಿಗುತ್ತದೆ.

ಈ ಕಂತನ್ನು ನೆನಪು ಮಾಡಿಕೊಳ್ಳಲು ಕಾರಣ ಹಾಸನ ಜಿಲ್ಲೆಯ ತಾಯಿಯೊಬ್ಬರ ಪತ್ರ. ಅವರ ಮಗಳು ಒಂಬತ್ತನೆಯ ತರಗತಿ. ಗಣಿತದ ಲಾಂಗ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಮಿಯಾವ್ತ್ ಕಥೆ ಬರೆಯುತ್ತಾಳಂತೆ. ಒಂದೆರಡು ಪುಟವಲ್ಲ, ನಲವತ್ತಕ್ಕೂ ಹೆಚ್ಚು. ತಾಯಿಯ ಪ್ರಶ್ನೆ ಎರಡು. ಬೇರೆಯವರ ಪಾತ್ರ ಎತ್ತಿಕೊಂಡು ಬರೆಯುವುದು ನಕಲು ಮಾಡಿದ ಹಾಗಲ್ಲವೆ? ಅದೂ ನಾಯಕನನ್ನು ಬಿಟ್ಟು ಕಳ್ಳ ಬೆಕ್ಕಿನ ಮೇಲೇಕೆ ಇವಳಿಗೆ ಇಷ್ಟು ಕನಿಕರ? ಮಗಳನ್ನು ಕೇಳಿ, ಅವಳು ಒಪ್ಪಿದ ಮೇಲೆ ಹನ್ನೆರಡು ಪುಟಗಳ ಜೆರಾಕ್ಸ್ ಪ್ರತಿ ಕಳಿಸಿದ್ದಾರೆ. ಕೇಳಿ ಕಳಿಸಿದ್ದು ಒಳ್ಳೆಯದಾಯಿತು. ಮಕ್ಕಳು ಬಚ್ಚಿಟ್ಟು ಬರೆದದ್ದನ್ನು ಕದ್ದು ಓದಿದರೆ ಅವರು ಇನ್ನೂ ಆಳದಲ್ಲಿ ಬಚ್ಚಿಡುತ್ತಾರೆ, ಅಷ್ಟೇ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ತಮಗೆ ಪ್ರಿಯವಾದ ಕಥೆಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ತಾವೇ ಬರೆಯುವ ಕಥೆಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟಿ.ವಿ. ಧಾರಾವಾಹಿ 1966ರಲ್ಲಿ ಶುರುವಾದಾಗ ಅದರ ಅಭಿಮಾನಿಗಳು ಮರುವರ್ಷವೇ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆಯನ್ನು ತಾವೇ ಅಚ್ಚು ಹಾಕಿ ಹಂಚಿದರು. ಈಗಿನ ಅರ್ಥದ ಫ್ಯಾನ್ ಫಿಕ್ಷನ್ ಬೆಳೆದದ್ದು ಅಂಥ ಪುಟಗಳಲ್ಲಿ. ಪಾತ್ರ ಬೇರೆಯವರದು ಎಂಬುದನ್ನು ಇಲ್ಲಿ ಯಾರೂ ಮುಚ್ಚಿಡುವುದಿಲ್ಲ. ಆದ್ದರಿಂದ ಅದನ್ನು ನಕಲು ಎನ್ನಲಾಗದು. ಮಾರಾಟಕ್ಕೆ ಇಳಿಸಿದರೆ ಮಾತು ಬೇರೆ. ಪಾತ್ರಗಳಿಗೆ ಕಾನೂನಿನ ಪ್ರಕಾರ ಮಾಲೀಕರಿದ್ದಾರೆ. ಸ್ನೇಹಿತೆಯರ ನಡುವೆ ಕೈಯಿಂದ ಕೈಗೆ ಹೋಗುವ ನೋಟ್‌ಬುಕ್ಕಿಗೆ ಆ ಚಿಂತೆ ಬೇಡ.

ಎರಡನೆಯ ಪ್ರಶ್ನೆ ಹೆಚ್ಚು ತೂಕದ್ದು. ಖಳನ ಮೇಲೆ ಕನಿಕರ ಏಕೆ? ಕನ್ನಡದವರಿಗೆ ಇದು ಹೊಸದೇನಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಯುದ್ಧಭೂಮಿಯಲ್ಲಿ ತನ್ನವರ ಹೆಣಗಳ ನಡುವೆ ನಡೆಯುವಾಗ ಓದುಗನಿಗೆ ಅವನ ಮೇಲೆ ಕೋಪ ಉಳಿಯುವುದಿಲ್ಲ. ಆದರೆ ದುರ್ಯೋಧನ ಗಂಭೀರ ಖಳ. ಅವನಿಗೆ ಮೊದಲಿನಿಂದಲೇ ಒಂದು ಎತ್ತರವಿದೆ, ಅವನು ಅತ್ತರೆ ನಾವು ಸುಮ್ಮನೆ ಕುಳಿತು ಕೇಳುತ್ತೇವೆ. ನಗೆಪಾಟಲಿನ ಖಳ ಅತ್ತರೆ? ಆಗಲೂ ನಗುವುದು ನಮ್ಮ ಅಭ್ಯಾಸ. ಬರೆಯುವವರಿಗೆ ಕಷ್ಟ ಇರುವುದು ಇಲ್ಲಿ.

ಮಂಥರೆಯನ್ನು ನೋಡಿ. ಗೂನು ಬೆನ್ನು, ಚಾಡಿ ಬಾಯಿ. ರಾಮಾಯಣದ ಆಟಗಳಲ್ಲಿ ಅವಳು ಬಾಗಿಕೊಂಡು ಬಂದರೆ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ನಗುವುದುಂಟು. ತಮಿಳಿನ ಕಂಬ ರಾಮಾಯಣದಲ್ಲಿ ಒಂದು ಸಣ್ಣ ಸಂಗತಿ ಬರುತ್ತದೆ. ರಾಮ ಹುಡುಗನಾಗಿದ್ದಾಗ ಆಟಕ್ಕೆಂದು ಮಣ್ಣಿನ ಉಂಡೆಯನ್ನು ಬಿಲ್ಲಿಗೆ ಹೂಡಿ ಅವಳ ಗೂನಿಗೆ ಹೊಡೆದಿದ್ದನಂತೆ. ಅದು ಅವಳ ಮನಸ್ಸಿನಲ್ಲಿ ಉಳಿದಿತ್ತು. ನೋಡಿದವರು ಅಂದು ನಕ್ಕಿರಬಹುದು. ಹೊಡೆಸಿಕೊಂಡವಳು ಮರೆಯಲಿಲ್ಲ. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ (1949) ಬೇರೆ ದಾರಿ ಹಿಡಿದರು. ಅಲ್ಲಿ ಅವಳನ್ನು ನಡೆಸುವುದು ಭರತನ ಮೇಲಿನ ಮಮತೆ. ಕೈಕೇಯಿಯ ಕಿವಿಯಲ್ಲಿ ಅವಳು ಊದುವುದು ಅದೇ ವಿಷವನ್ನು, ಊದುವ ಕಾರಣ ಮಾತ್ರ ಪ್ರೀತಿ. ಮಹಾಕಾವ್ಯವನ್ನು ಫ್ಯಾನ್ ಫಿಕ್ಷನ್ ಎಂದು ಕರೆದರೆ ಹಿರಿಯರು ಕೋಲು ಹಿಡಿದು ಬಂದಾರು, ನಾನು ಹಾಗೆ ಕರೆಯುತ್ತಿಲ್ಲ. ಹಿಂದಿನವರು ನಕ್ಕು ಬಿಟ್ಟುಹೋದ ಪಾತ್ರದ ಬಳಿ ನಿಂತು ‘ಇವಳು ಹೀಗೇಕೆ?’ ಎಂದು ಕೇಳುವ ಕೆಲಸ ಮಾತ್ರ ಎರಡು ಕಡೆಯೂ ಒಂದೇ.

ಇನ್ನು ಆ ಹನ್ನೆರಡು ಪುಟಗಳು. ಹುಡುಗಿಗೆ ಬರವಣಿಗೆ ಇದೆ. ಮೂವರು ಕಳ್ಳರೂ ಒಂದೇ ಬನ್ನನ್ನು ಹಂಚಿಕೊಳ್ಳುವಾಗ ಯಾರಿಗೆ ದೊಡ್ಡ ಚೂರು ಎಂಬ ಜಗಳವನ್ನು ಚೆನ್ನಾಗಿ ಬರೆದಿದ್ದಾಳೆ. ಆದರೆ ನಾಲ್ಕನೆಯ ಪುಟದಿಂದ ಮಿಯಾವ್ತ್ ಅಳಲು ಶುರು ಮಾಡುತ್ತದೆ. ಮಳೆಯಲ್ಲಿ ಅಳುತ್ತದೆ, ಚಂದ್ರನನ್ನು ನೋಡಿ ಅಳುತ್ತದೆ, ಸೇತುವೆಯ ಕೆಳಗೂ ಅಳುತ್ತದೆ. ಹತ್ತನೆಯ ಪುಟದಲ್ಲಿ ಆ್ಯಶ್ ಬಂದು ಕ್ಷಮೆ ಕೇಳುತ್ತಾನೆ. ಹನ್ನೊಂದರಲ್ಲಿ ಮಿಯಾವ್ತ್ ಒಳ್ಳೆಯದಾಗುತ್ತದೆ. ಹನ್ನೆರಡರಲ್ಲಿ ನನಗೆ ಗೊತ್ತಿದ್ದ ಮಿಯಾವ್ತ್ ಇರಲೇ ಇಲ್ಲ, ಆ ಹೆಸರಿನ ಬೇರೊಂದು ಬೆಕ್ಕು ಇತ್ತು.

ಇಂಥ ಕಥೆ ಬರೆಯುವ ಬಹುಪಾಲು ಮಕ್ಕಳು ಎಡವುವುದು ಇಲ್ಲೇ. ನಗುವ ಪಾತ್ರಕ್ಕೆ ಆಳ ಕೊಡಬೇಕೆಂದರೆ ನಗುವನ್ನು ಒರೆಸಿ ಆ ಜಾಗದಲ್ಲಿ ನೋವು ಬಳಿಯಬೇಕೆಂದು ತಿಳಿಯುತ್ತಾರೆ. ಆದರೆ ಆ ಕಂತು ಬರೆದವರು ಮಾಡಿದ್ದೇನು? ಮಿಯಾವ್ತ್‌ಗೆ ಹೊಸ ದುಃಖವೊಂದನ್ನು ಹೊರಗಿನಿಂದ ತಂದು ಅಂಟಿಸಲಿಲ್ಲ. ತಂದೆ ಸತ್ತ, ತಾಯಿ ಬಿಟ್ಟುಹೋದಳು ಎಂದು ಅಲ್ಲಿಗೇ ಮುಗಿಸಲಿಲ್ಲ. ಯಾವುದನ್ನು ನೋಡಿ ಮಕ್ಕಳು ನಗುತ್ತಿದ್ದರೋ, ಬೆಕ್ಕು ಮಾತನಾಡುವುದು, ಅದೇ ಅದರ ಗಾಯವೂ ಆಯಿತು. ಕಂತು ಮುಗಿದ ಮೇಲೂ ಅದು ಮಾತನಾಡುತ್ತದೆ, ಮತ್ತೆ ಕದಿಯಲು ಹೋಗುತ್ತದೆ, ಮತ್ತೆ ಆಕಾಶಕ್ಕೆ ಹಾರುತ್ತದೆ. ನಾವು ಮತ್ತೆ ನಗುತ್ತೇವೆ. ಆದರೆ ಈಗ ನಗುವವರಿಗೆ ಒಂದು ವಿಷಯ ಗೊತ್ತಿದೆ.

ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ ಇನ್ನೊಂದು ಉದಾಹರಣೆ ಬ್ಯಾಟ್‌ಮನ್ ಕಥೆಗಳಲ್ಲಿದೆ. ಅದನ್ನು ಬರೆದವರು ಸಂಬಳ ಪಡೆದ ಲೇಖಕರು, ನಿಜ. ಆದರೆ ಪಾತ್ರ ಅವರದಲ್ಲ, ಮೂವತ್ತು ವರ್ಷಕ್ಕೂ ಹಳೆಯದು. 1959ರಲ್ಲಿ ಬ್ಯಾಟ್‌ಮನ್ ಚಿತ್ರಕಥೆಯ ಪುಸ್ತಕದಲ್ಲಿ ‘ಮಿಸ್ಟರ್ ಝೀರೊ’ ಎಂಬ ಖಳ ಬಂದ. ಕೈಯಲ್ಲಿ ಎಲ್ಲವನ್ನೂ ಹೆಪ್ಪುಗಟ್ಟಿಸುವ ಬಂದೂಕು, ಮೈಮೇಲೆ ಸದಾ ತಂಪಾಗಿರಬೇಕಾದ ಉಡುಪು. ಕೆಲಸ ಕಳ್ಳತನ. 1966ರ ಟಿ.ವಿ. ಧಾರಾವಾಹಿಯಲ್ಲಿ ಅವನ ಹೆಸರು ‘ಮಿಸ್ಟರ್ ಫ್ರೀಜ್’ ಆಯಿತು. ಆ ಧಾರಾವಾಹಿಯೇ ಒಂದು ತಮಾಷೆ, ಅದರಲ್ಲಿ ಇವನೂ ಒಂದು ತಮಾಷೆ.

1992ರಲ್ಲಿ ಬ್ಯಾಟ್‌ಮನ್ ಕಾರ್ಟೂನ್ ಧಾರಾವಾಹಿಗೆ ಪಾಲ್ ಡಿನಿ ಎಂಬ ಲೇಖಕ ‘ಹಾರ್ಟ್ ಆಫ್ ಐಸ್’ ಎಂಬ ಕಂತು ಬರೆದ. ನಿರ್ದೇಶನ ಬ್ರೂಸ್ ಟಿಮ್ ಅವರದು. ಡಿನಿ ಬಂದೂಕನ್ನು ಬಿಸಾಡಲಿಲ್ಲ, ತಂಪಿನ ಉಡುಪನ್ನೂ ಕಳಚಲಿಲ್ಲ. ಕೇಳಿದ್ದು ಒಂದೇ: ಇವನಿಗೆ ಚಳಿಯ ಹುಚ್ಚು ಏಕೆ? ಉತ್ತರ ಹೀಗೆ. ಇವನೊಬ್ಬ ವಿಜ್ಞಾನಿ. ಹೆಂಡತಿ ನೋರಾಗೆ ವಾಸಿಯಾಗದ ಕಾಯಿಲೆ. ಔಷಧಿ ಸಿಗುವವರೆಗೆ ಅವಳನ್ನು ಹೆಪ್ಪುಗಟ್ಟಿಸಿ ಉಳಿಸಲು ಕಂಪನಿಯ ಪ್ರಯೋಗಶಾಲೆಯಲ್ಲಿ ಹೆಣಗುತ್ತಿದ್ದಾನೆ. ಖರ್ಚು ಹೆಚ್ಚಾಯಿತೆಂದು ಕಂಪನಿಯ ಮುಖ್ಯಸ್ಥ ಯಂತ್ರ ನಿಲ್ಲಿಸಲು ಹೇಳುತ್ತಾನೆ. ಆ ತಳ್ಳಾಟದಲ್ಲಿ ರಾಸಾಯನಿಕಗಳ ಮೇಲೆ ಬಿದ್ದ ವಿಜ್ಞಾನಿಯ ದೇಹಕ್ಕೆ ಮುಂದೆ ಚಳಿಯಲ್ಲದೆ ಗತಿಯಿಲ್ಲ. ಮೂವತ್ತು ವರ್ಷ ನಗೆಗೆ ಕಾರಣವಾಗಿದ್ದ ಅದೇ ಮಂಜುಗಡ್ಡೆ.

ಎರಡು ವಿಷಯಗಳನ್ನು ಇಲ್ಲಿ ಗಮನಿಸಿ ಎಂದು ಬರೆಯುವ ಮಕ್ಕಳಿಗೆ ಹೇಳುತ್ತೇನೆ. ಒಂದು, ಅವನು ಒಳ್ಳೆಯವನಾಗುವುದಿಲ್ಲ. ಸೇಡಿಗಾಗಿ ನಿರಪರಾಧಿಗಳನ್ನೂ ಬಲಿಕೊಡಲು ಸಿದ್ಧನಿದ್ದಾನೆ. ಬ್ಯಾಟ್‌ಮನ್‌ಗೆ ಅವನ ಕಥೆಯೆಲ್ಲ ಗೊತ್ತಾಗುತ್ತದೆ, ಗೊತ್ತಾದ ಮೇಲೂ ಅವನನ್ನು ತಡೆಯುತ್ತಾನೆ. ಕಡೆಗೆ ಅವನು ಸೆರೆಮನೆಯ ಕೋಣೆಯಲ್ಲಿ, ನರ್ತಕಿಯ ಬೊಂಬೆಯಿರುವ ಒಂದು ಪುಟ್ಟ ಗಾಜಿನ ಗೋಳ ಹಿಡಿದು ಕುಳಿತಿರುತ್ತಾನೆ. ಇನ್ನೊಂದು, ಇಷ್ಟು ಗಂಭೀರ ಕಥೆಯಲ್ಲಿ ಬ್ಯಾಟ್‌ಮನ್‌ಗೆ ನೆಗಡಿ! ಮನೆಯ ಬಟ್ಲರ್ ಫ್ಲಾಸ್ಕಿನಲ್ಲಿ ಬಿಸಿ ಕೋಳಿ ಸೂಪು ಕೊಟ್ಟು ಕಳಿಸುತ್ತಾನೆ. ಕೊನೆಯ ಹೊಡೆದಾಟದಲ್ಲಿ ಫ್ರೀಜ್‌ನ ಗಾಜಿನ ಶಿರಸ್ತ್ರಾಣವನ್ನು ಒಡೆಯುವುದು ಆ ಸೂಪು. ನಗು ಕಥೆಯೊಳಗೇ ಇದೆ, ಬಾಗಿಲು ಮುಚ್ಚಿ ಹೊರಗೆ ನಿಲ್ಲಿಸಿಲ್ಲ. ಮುಂದೆ ಚಿತ್ರಕಥೆಯ ಪುಸ್ತಕಗಳೂ ನೋರಾಳ ಕಥೆಯನ್ನು ತಮ್ಮದಾಗಿಸಿಕೊಂಡವು. 1997ರ ಸಿನಿಮಾದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಈ ಪಾತ್ರ ಮಾಡಿದರು. ಅಲ್ಲೂ ನೋರಾ ಇದ್ದಾಳೆ, ಆದರೆ ಚಳಿಯ ಮೇಲಿನ ಶ್ಲೇಷೆಗಳ ರಾಶಿಯಲ್ಲಿ ಅವಳನ್ನು ಹುಡುಕಬೇಕು. ನಗು, ನೋವು ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದ ಮಾತ್ರಕ್ಕೆ ಅವು ಬೆರೆಯುವುದಿಲ್ಲ ಎಂಬುದಕ್ಕೆ ಆ ಸಿನಿಮಾ ನೋಡಬಹುದು.

ಹೈಸ್ಕೂಲಿನವರಿಗೆ ಹತ್ತಿರದ ಇನ್ನೊಬ್ಬ ಖಳ ಶೈಲಾಕ್. ಐ.ಸಿ.ಎಸ್.ಇ. ಶಾಲೆಗಳಲ್ಲಿ ಹಲವು ವರ್ಷ ಪಠ್ಯವಾಗಿದ್ದ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಬಡ್ಡಿ ವ್ಯಾಪಾರಿ. 1623ರಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಒಟ್ಟಾಗಿ ಅಚ್ಚು ಹಾಕಿದವರು ಇದನ್ನು ಹಾಸ್ಯ ನಾಟಕಗಳ ಸಾಲಿಗೆ ಸೇರಿಸಿದರು. 1701ರಲ್ಲಿ ಇದರ ಒಂದು ರೂಪಾಂತರ ರಂಗಕ್ಕೆ ಬಂದಾಗ ಶೈಲಾಕನ ಪಾತ್ರ ಮಾಡಿದವನು ಹಾಸ್ಯನಟ ಥಾಮಸ್ ಡಾಗೆಟ್. 1741ರಲ್ಲಿ ಚಾರ್ಲ್ಸ್ ಮ್ಯಾಕ್ಲಿನ್ ಅವನನ್ನು ಗಂಭೀರವಾಗಿ ಆಡಿ ತೋರಿಸಿದ. 1814ರಲ್ಲಿ ಎಡ್ಮಂಡ್ ಕೀನ್ ಬಂದ ಮೇಲೆ ಜನ ಮರುಗಲು ಆರಂಭಿಸಿದರು. ನಟರಿಗೆ ಆಧಾರ ನಾಟಕದಲ್ಲೇ ಇತ್ತು. ಮಗಳು ಹಣ ಒಡವೆ ಕದ್ದು ಓಡಿಹೋದಾಗ ಶೈಲಾಕ್ ಬೀದಿಯಲ್ಲಿ ಮಗಳಿಗೋ ಹಣಕ್ಕೋ ಗೊತ್ತಾಗದಂತೆ ಗೋಳಾಡಿದನೆಂದು ನಗುತ್ತಾ ಹೇಳುವವರು ಅವನನ್ನು ಕಂಡರಾಗದ ಇಬ್ಬರು. ನಾವು ಅದನ್ನು ಕಣ್ಣಾರೆ ನೋಡುವುದೇ ಇಲ್ಲ! ಕಣ್ಣಾರೆ ನೋಡುವುದು ಬೇರೆ. ಮಗಳು ಒಂದು ಉಂಗುರ ಕೊಟ್ಟು ಕೋತಿ ಕೊಂಡಳೆಂಬ ಸುದ್ದಿ ಬರುತ್ತದೆ. ಅದು ಮದುವೆಗೆ ಮೊದಲು ಲೇಯಾ ಎಂಬಾಕೆ ತನಗೆ ಕೊಟ್ಟ ಉಂಗುರವೆಂದು ಅವನು ಹೇಳುತ್ತಾನೆ. ನಾಟಕದಲ್ಲಿ ಲೇಯಾಳ ಹೆಸರು ಬರುವುದು ಆ ಒಂದೇ ಸಲ. ದುಡ್ಡಿನ ಮುದುಕನೆಂದು ನಕ್ಕವರ ಎದುರು ಬೆಲೆ ಕಟ್ಟಲಾಗದ ಒಂದು ಉಂಗುರ. ಅಳು, ಚಂದ್ರ, ಸೇತುವೆ ಏನೂ ಇಲ್ಲ.

ಆದ್ದರಿಂದ ಹಾಸನದ ಹುಡುಗಿಗೆ ನನ್ನ ಸಲಹೆ. ನಿನ್ನ ನಾಲ್ಕನೆಯ ಪುಟದಿಂದ ಮುಂದಿನದನ್ನೆಲ್ಲ ಎತ್ತಿಡು, ಹರಿಯಬೇಡ. ಬನ್ನಿನ ಜಗಳದಿಂದ ಮತ್ತೆ ಹೊರಡು. ಮಿಯಾವ್ತ್ ಅತ್ತಿತು ಎಂದು ಒಂದು ಸಲವೂ ಬರೆಯದೆ ನೋಡೋಣ. ಹಸಿದ ಬೆಕ್ಕು ಬನ್ನಿನ ದೊಡ್ಡ ಚೂರಿಗೆ ಎಷ್ಟು ಜಗಳವಾಡುತ್ತದೆ ಎಂಬುದರಲ್ಲೇ ಅದರ ಬೀದಿಯ ದಿನಗಳಿವೆ. ಆ್ಯಶ್ ಬಂದು ಕ್ಷಮೆ ಕೇಳುವುದು ಬೇಡ. ಅವನು ಮಾಡಿದ ತಪ್ಪೇನು? ತನ್ನ ಪಿಕಾಚುವನ್ನು ಕಾಪಾಡಿಕೊಂಡ, ಅಷ್ಟೇ. ಖಳನನ್ನು ಎತ್ತಲು ನಾಯಕನನ್ನು ತಗ್ಗಿಸುವುದು ಸುಲಭದ ದಾರಿ, ಹಾಗೆ ಮಾಡಿದರೆ ಕಥೆಯಲ್ಲಿ ಇಬ್ಬರೂ ಉಳಿಯುವುದಿಲ್ಲ. ಜೇಮ್ಸ್ ಸಿರಿವಂತರ ಮನೆ ಬಿಟ್ಟು ಓಡಿ ಬಂದವನು, ಮಿಯಾವ್ತ್ ಸಿರಿವಂತರ ಮನೆಯ ಬೆಕ್ಕಿಗೆ ಸಾಲದೆ ಹೋದವನು. ಇಬ್ಬರೂ ಒಂದು ರಾತ್ರಿ ಒಂದೇ ಕಂಬಳಿ ಹೊದ್ದು ಮಲಗಿದರೆ ಏನು ಮಾತನಾಡಿಯಾರು? ಇದನ್ನು ನೀನು ನನಗಿಂತ ಚೆನ್ನಾಗಿ ಬರೆಯುತ್ತೀಯ.

ಇನ್ನೊಂದು ಸಾಲನ್ನು ಮಾತ್ರ ಬಿಡಬೇಡ. ಏಳನೆಯ ಪುಟದಲ್ಲಿ, ಆ ಅಳುವಿನ ನಡುವೆ ಸಿಕ್ಕಿಕೊಂಡಿದೆ. ಮಿಯಾವ್ತ್ ಹಳೆಯ ಗಲ್ಲಿಗೆ ಹೋದಾಗ ಅಲ್ಲಿನ ಬೆಕ್ಕುಗಳು ಅದರ ಜೊತೆ ಬೆಕ್ಕಿನ ಭಾಷೆಯಲ್ಲಿ ಮಾತನಾಡುವುದನ್ನು ನಿಲ್ಲಿಸಿಬಿಡುತ್ತವೆ ಎಂದು ಬರೆದಿದ್ದೀಯ. ಇದು ಆ ಕಂತಿನಲ್ಲಿ ಇಲ್ಲ. ಇದು ನಿನ್ನದು.

ತಾಯಿಯವರಿಗೆ ಇಲ್ಲೊಂದು ಮಾತು. ನಿಮ್ಮ ಪತ್ರದ ಕೊನೆಯಲ್ಲಿ, ಬೇರೆ ಯಾವುದೋ ಸಂದರ್ಭದಲ್ಲಿ, ಮಗಳನ್ನು ಎಂಟನೆಯ ತರಗತಿಗೆ ಊರಿನ ಕನ್ನಡ ಶಾಲೆ ಬಿಡಿಸಿ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು, ಹಬ್ಬಕ್ಕೆ ಊರಿಗೆ ಹೋದರೆ ದೊಡ್ಡಪ್ಪನ ಮಕ್ಕಳು ‘ಇಂಗ್ಲಿಷ್ ಮೇಡಂ ಬಂದ್ರು’ ಎಂದು ರೇಗಿಸುತ್ತಾರೆ, ಶಾಲೆಯಲ್ಲಿ ಇವಳ ಇಂಗ್ಲಿಷ್ ಕೇಳಿ ಅಲ್ಲೂ ನಗುತ್ತಾರಂತೆ ಎಂದು ಬರೆದಿದ್ದೀರಿ. ಇದಕ್ಕೂ ಏಳನೆಯ ಪುಟಕ್ಕೂ ಸಂಬಂಧವಿದೆಯೇ ಎಂದು ಅವಳನ್ನು ಕೇಳಬೇಡಿ. ಕೇಳಿದರೆ ಇಲ್ಲ ಎನ್ನುತ್ತಾಳೆ, ಬರೆಯುವುದನ್ನೂ ನಿಲ್ಲಿಸಬಹುದು. ಕಳ್ಳ ಬೆಕ್ಕಿನ ಮೇಲೆ ಏಕೆ ಇಷ್ಟು ಕನಿಕರ ಎಂದು ಕೇಳಿದ್ದಿರಲ್ಲ, ಆ ಪುಟವನ್ನು ನೀವು ಇನ್ನೊಮ್ಮೆ ಓದಿ. ಸಾಧ್ಯವಾದರೆ ಮುಂದಿನ ಹಬ್ಬಕ್ಕೆ ಮೊದಲು ನಿಮ್ಮ ಭಾವನವರ ಮನೆಯ ಮಕ್ಕಳಿಗೆ ಮೆಲ್ಲಗೆ ಒಂದು ಮಾತು ಹೇಳಿ.

ಕಥೆಯನ್ನು ಮನೆಗೆ ಬಂದವರ ಮುಂದೆ ಓದಿಸಬೇಡಿ. ಗಣಿತದ ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕೆ ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಇನ್ನೊಂದು ನೋಟ್‌ಬುಕ್. ಪರೀಕ್ಷೆಯ ವಾರ ಅದು ಬೀರುವಿನಲ್ಲಿರಲಿ, ಬೀಗ ಬೇಡ.

ಉಳಿದ ಮಕ್ಕಳಿಗೂ ಕೈ ತುರಿಸುತ್ತಿದ್ದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ ತಯಾರಿಸಿ 2008ರಲ್ಲಿ ಪೋಗೋ ಚಾನೆಲ್ಲಿನಲ್ಲಿ ಆರಂಭವಾದ ‘ಛೋಟಾ ಭೀಮ್’ ನಿಮಗೆಲ್ಲ ಗೊತ್ತು. ಅದರಲ್ಲಿ ಕಾಲಿಯಾ ಇದ್ದಾನೆ. ದಪ್ಪ ಮೈ, ಭೀಮನ ಮೇಲೆ ಹೊಟ್ಟೆಕಿಚ್ಚು, ಬೆನ್ನ ಹಿಂದೆ ಢೋಲು, ಭೋಲು ಎಂಬ ಅವಳಿಗಳು. ಢೋಲಕ್‌ಪುರದಲ್ಲಿ ಎಲ್ಲರ ಎದುರು ಸೋತು, ಮಣ್ಣು ಮೆತ್ತಿಕೊಂಡು, ಸಂಜೆ ಅವನು ಮನೆಗೆ ಹೋಗುತ್ತಾನೆ. ‘ಬಟ್ಟೆ ಏಕೆ ಹೀಗಾಯಿತು?’ ಎಂದು ಮನೆಯಲ್ಲಿ ಕೇಳುತ್ತಾರೆ. ಕಾಲಿಯಾ ಏನು ಹೇಳುತ್ತಾನೆ? ಎರಡು ಪುಟ ಬರೆಯಿರಿ. ಅವನು ಸುಳ್ಳು ಹೇಳಬಹುದು, ಜಂಬ ಕೊಚ್ಚಬಹುದು. ಅಳಬಾರದು. ಮರುದಿನ ಬೆಳಿಗ್ಗೆ ಅವನು ಮತ್ತೆ ಭೀಮನ ಲಡ್ಡು ಕದಿಯಲು ಹೊರಡಲೇಬೇಕು.